ಹೊಳೆಯಿಂದ ತುಂಬಿದ ಕೊಡ

ಗಂಗೆಪೂಜೆ ಮುಗಿಸಿ ನನ್ನ ಬಾಣಂತಿ ಸೊಸೆ ಸೊರಬದ ಹತ್ತಿರ ದಂಡಾವತಿ ಹೊಳೆಯಲ್ಲಿ ಕೊಡ ತುಂಬುತ್ತಿದ್ದಳು. ಆ ನೀರನ್ನು ಮನೆಗೆ ಒಯ್ದು ಕೂಸಿನ ಬಾಯಿಗೆ ಎರಡು ಹನಿ ಬಿಡುವುದು ನಮ್ಮ ಮನೆಯ ಪದ್ಧತಿ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹಿರಿಯರೊಬ್ಬರು ಕೆಲಸ ನಿಲ್ಲಿಸಿ ನಮ್ಮ ಕಡೆ ತಿರುಗಿದರು.

"ಪೂಜೆ ಮಾಡಿದ್ರಲ್ಲ, ಸಾಕು ಅಮ್ಮಾ. ಈ ನೀರು ಕೂಸಿಗೆ ಹಾಕ್ಬೇಡ್ರಿ. ಮೇಲಿಂದ ಚರಂಡಿ ಸೇರ್ತದೆ, ನನ್ ಕೈ ನೋಡ್ರಿ" ಎಂದು ಹುಣ್ಣಾದ ಬೆರಳು ತೋರಿಸಿದರು.

ಪದ್ಧತಿ ಬಿಡಬಾರದೆಂದು ಹಟ ಹಿಡಿದವಳು ನಾನೇ. ನಾನು ಕೊಡದ ನೀರನ್ನು ಹೊಳೆಗೇ ಸುರಿಯುತ್ತಿದ್ದಾಗ ಸೊಸೆ ಮೆಲ್ಲಗೆ ಕೇಳಿದಳು:

"ಅತ್ತೆ, ದೊಡ್ಡವಳಿಗೆ ಇದೇ ನೀರು ಹಾಕಿದ್ವಲ್ಲ?"

ಕೂಸಿಗೆ ಕಾಯಿಸಿ ಆರಿಸಿದ ನೀರನ್ನೇ ಬಿಟ್ಟೆವು. ಆದರೆ ಮೂರು ವರ್ಷದ ದೊಡ್ಡ ಮೊಮ್ಮಗಳು ಹೊಟ್ಟೆನೋವು ಎಂದಾಗಲೆಲ್ಲ ನಾನು ಅವಳ ಮುಖ ನೋಡಲಾರೆ.