ಉಸ್ತಾ ಬಯೂಮಿ ಕಟ್ಟಿದ ಮ್ಯಾಕ್

ಮಂಗಳವಾರ ಬೆಳಿಗ್ಗೆ ನಾನು ನನ್ನ ಗಂಡ ಬಯೂಮಿಗೆ ಬೈದೆ. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಮೂರು ಸ್ಕ್ರೂ ಇದ್ದವು. ಹಿಂದಿನ ವಾರ ಅಂಥದೇ ಒಂದು ಸ್ಕ್ರೂ ಒಗೆಯುವ ಯಂತ್ರದ ಪೈಪಿನಲ್ಲಿ ಸಿಕ್ಕಿಕೊಂಡು ನೀರೆಲ್ಲ ಅಡುಗೆಮನೆಗೆ ಬಂದಿತ್ತು.

"ಅಬೂ ದಾಲಿಯಾ, ಊರೋರ ಯಂತ್ರ ಸರಿಮಾಡು, ಮನೇದನ್ನ ಕೆಡಿಸು," ಎಂದೆ.

"ಜೇಬಿಲ್ಲದ ಅಂಗಿ ಹೊಲಿಸ್ಕೊಡು, ಸರಿಹೋಗುತ್ತೆ," ಎಂದ. ಬೇಯಿಸಿದ ಅವರೆ ಕಾಳನ್ನು ರೊಟ್ಟಿಗೆ ತುಂಬಿಕೊಂಡು, ನಿಂತೇ ತಿಂದು, ಮೆಟ್ಟಿಲು ಇಳಿದ.

ನಾವಿರುವುದು ಅಲೆಕ್ಸಾಂಡ್ರಿಯಾದ ಘೈತ್ ಅಲ್-ಇನಬ್‌ನಲ್ಲಿ. ಮೇಲೆ ಮನೆ, ಕೆಳಗೆ ಅವನ ಅಂಗಡಿ. ಎದುರಿಗೆ ವದೀಯ ಫೋಟೋ ಸ್ಟುಡಿಯೋ. ನಡುವೆ ಗಲ್ಲಿ, ಹನ್ನೆರಡು ಹೆಜ್ಜೆ. ನಾನು ಇನ್ಶಿರಾಹ್. ಆದರೆ ಮಗಳು ಹುಟ್ಟಿದಂದಿನಿಂದ ನನ್ನನ್ನು ಎಲ್ಲರೂ ಕರೆಯುವುದು ಉಮ್ಮ್ ದಾಲಿಯಾ ಎಂದು, ದಾಲಿಯಾಳ ತಾಯಿ. ಅವನು ಅಬೂ ದಾಲಿಯಾ, ಅವಳ ತಂದೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ಇರಲಿ.

ಬಯೂಮಿಯದು ಕಂಪ್ಯೂಟರ್ ರಿಪೇರಿ. ಗಲ್ಲಿಯವರಿಗೆ ಅವನು ಉಸ್ತಾ, ಎಂದರೆ ಕಸುಬು ಬಲ್ಲ ಮೇಸ್ತ್ರಿ. ಹೆಸರು ಬಂದದ್ದು ಒಂದೇ ಕೆಲಸಕ್ಕೆ. ಮದುವೆ ವಿಡಿಯೋ ಕತ್ತರಿಸಿ ಜೋಡಿಸುವವರಿಗೆ, ಹಾಡು ಮುದ್ರಿಸುವವರಿಗೆ ಕಚ್ಚಿದ ಸೇಬಿನ ಗುರುತಿರುವ ಮ್ಯಾಕ್ ಕಂಪ್ಯೂಟರ್ ಬೇಕು. ಅಸಲಿ ಮ್ಯಾಕ್ ನಮ್ಮ ಕಡೆಯವರ ಕೈಗೆ ಎಟುಕುವುದಿಲ್ಲ. ಬಯೂಮಿ ಸಾದಾ ಬಿಡಿಭಾಗ ತಂದು ಕಂಪ್ಯೂಟರ್ ಕಟ್ಟಿ, ಅದರೊಳಗೆ ಮ್ಯಾಕ್‌ನ ತಂತ್ರಾಂಶ ಕೂರಿಸುತ್ತಿದ್ದ. ಅದು ಸುಮ್ಮನೆ ಕೂರುವುದಿಲ್ಲ. ಒಂದು ದಿನ ಸದ್ದು ಬರುವುದಿಲ್ಲ. ಒಂದು ದಿನ ಬಿಳಿ ಅಕ್ಷರ ಸುರಿಸುತ್ತಾ ಅರ್ಧಕ್ಕೆ ನಿಂತುಬಿಡುತ್ತದೆ.

"ಇದು ಸುಳ್ಳು ಹೇಳಿ ಮಾಡಿಸಿದ ಮದುವೆ ಇದ್ದಂಗೆ," ಎನ್ನುತ್ತಿದ್ದ. "ಹುಡುಗಿಗೆ ಗಂಡಿನ ಮನೆ ಅರಮನೆ ಅಂತ ಹೇಳಿರ್ತೀವಿ. ದಿನಾ ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಅರಮನೆ ಥರಾನೇ ಕಾಣ್ಬೇಕು."

ಮಧ್ಯಾಹ್ನ ಊಟ ತೆಗೆದುಕೊಂಡು ಹೋದರೆ ನಾನು ಅಂಗಡಿಯಲ್ಲೇ ಕೂರುತ್ತಿದ್ದೆ. ಮೊಲೊಖಿಯಾ ಸೊಪ್ಪು ಬಿಡಿಸುತ್ತಾ ಅವನ ಗೊಣಗಾಟ ಕೇಳುತ್ತಿದ್ದೆ. ಹದಿನೆಂಟು ವರ್ಷ ಕೇಳಿದ್ದೇನೆ. ಯಂತ್ರ ಆರಂಭವಾಗುವ ಮೊದಲು ಒಂದು ಪರದೆ ಬರುತ್ತದೆ. ಅದರಲ್ಲಿ ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಒಂದೊಂದಾಗಿ ಹೇಳಬೇಕು. ಅದನ್ನು ಅವನು ಒಂದು ಚೀಟಿಯಲ್ಲಿ ಬರೆದು, ಕಟ್ಟಿದ ಪ್ರತಿ ಪೆಟ್ಟಿಗೆಯ ಒಳಗೂ ಅಂಟಿಸುತ್ತಿದ್ದ. ಅಂಟು ನನ್ನದು. ಮೈದಾ ಹಿಟ್ಟು ನೀರಲ್ಲಿ ಕುದಿಸಿ ಮಾಡಿಕೊಡುತ್ತಿದ್ದೆ.

ಆ ಮಂಗಳವಾರ ಅನ್ನ ಮೀನು ತಿನ್ನುತ್ತಾ ಹೇಳಿದ, "ವದೀ ಯಂತ್ರದ ಗಡಿಯಾರ ಹಿಂದೆ ಬೀಳ್ತಿದೆ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದೆ. ಕರೆಂಟ್ ಇರೋವರೆಗೆ ಪರವಾಗಿಲ್ಲ. ಪ್ಲಗ್ ಕಿತ್ತರೆ ಹೇಳಿಕೊಟ್ಟಿದ್ದೆಲ್ಲ ಮರೆತುಬಿಡುತ್ತೆ."

"ಹೊಸದು ಹಾಕು ಮತ್ತೆ."

"ತಂದಿದ್ದೀನಿ. ಅವನು ಬದ್ರಿಯಾ ಮಗಳ ಮದುವೆ ವಿಡಿಯೋ ಒಳಗೆ ಹಾಕ್ತಾ ಇದ್ದಾನೆ, ಮಧ್ಯೆ ಆರಿಸೋಕಾಗಲ್ಲ. ನಾಳೆ ಹಾಕ್ತೀನಿ." ಬಟನ್ನಿನಷ್ಟು ದೊಡ್ಡ ಬ್ಯಾಟರಿ ತೋರಿಸಿ ಅಂಗಿ ಜೇಬಿಗೆ ಹಾಕಿಕೊಂಡ.

"ಜೇಬಿಗೆ!" ಎಂದೆ.

"ಬೈಬೇಡ, ತಾಯಿ. ನಾಳೆ ನಾನೇ ತೆಗೀತೀನಿ."

ಬುಧವಾರ ಹನ್ನೊಂದು ಗಂಟೆಗೆ ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಹೋದ. ಹೃದಯ. ಐವತ್ತೆರಡು ವರ್ಷ. ಜೊತೆಗೆ ಟೀ ಕುಡಿಯಲು ಬಂದ ವದೀಯೇ ಮೊದಲು ನೋಡಿದ್ದು.

ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಮಣ್ಣು ಮಾಡಿ ಬಂದರು. ಗಲ್ಲಿಯಲ್ಲಿ ಬಟ್ಟೆಯ ಡೇರೆ ಎದ್ದಿತು. ಮೂರು ದಿನ ಜನ ಬಂದು ಕುರ್ಚಿಯಲ್ಲಿ ಕೂತು, ಸಕ್ಕರೆ ಹಾಕದ ಕಾಫಿ ಕುಡಿದು, ಕುರಾನ್ ಕೇಳಿ ಎದ್ದು ಹೋದರು. ಡೇರೆಯ ದೀಪ, ಫ್ಯಾನು, ಕುರಾನ್ ಓದುವವರ ಧ್ವನಿವರ್ಧಕ, ಎಲ್ಲಕ್ಕೂ ಕರೆಂಟ್ ಕೊಟ್ಟವನು ವದೀ. ಸಾವಿನ ಮನೆಯಿಂದ ಕರೆಂಟ್ ಎಳೆಯುವುದಿಲ್ಲ ನಮ್ಮಲ್ಲಿ, ನೆರೆಯವರು ಕೊಡುತ್ತಾರೆ. ವದೀ ಕ್ರೈಸ್ತ. ಆದರೂ ಮೂರು ದಿನ ಸ್ಟುಡಿಯೋ ಮುಚ್ಚಿ, ಡೇರೆಯ ಬಾಗಿಲಲ್ಲಿ ನಮ್ಮ ಗಂಡಸರ ಸಾಲಿನಲ್ಲೇ ನಿಂತು ಬಂದವರ ಕೈ ಹಿಡಿದ.

ಶನಿವಾರ ಡೇರೆ ಬಿಚ್ಚಿದರು. ಹತ್ತು ಗಂಟೆಯ ಹೊತ್ತಿಗೆ ಕೆಳಗೆ ಬದ್ರಿಯಾಳ ಗಂಟಲು ಕೇಳಿಸಿತು. ಅವಳು ಮೀನು ಮಾರುವವಳು, ಗಂಟಲು ಗಲ್ಲಿಯ ಆಚೆ ತುದಿಗೂ ಮುಟ್ಟುತ್ತದೆ.

"ನನ್ನ ಮಗಳು ಸೋಮವಾರ ಗಂಡನ ಜೊತೆ ಕುವೈತ್‌ಗೆ ಹೊರಡ್ತಾಳೆ! ಮದುವೆ ವಿಡಿಯೋ ಎಲ್ಲಿ? ಖೋಟಾ ಯಂತ್ರಕ್ಕೆ ನನ್ನ ಮಗಳ ಮದುವೆ ತಿನ್ನಿಸಿದೆಯಲ್ಲೋ ವದೀ! ಸತ್ತೋನ ಬಗ್ಗೆ ಮಾತಾಡಬಾರದು, ದೇವರು ಅವನಿಗೆ ದಯೆ ತೋರಲಿ. ಆದ್ರೆ ಅವನು ಮಾಡ್ತಿದ್ದಿದ್ದು ತೇಪೆ ಕೆಲಸ. ಅವನ ಜೊತೆಗೇ ಯಂತ್ರಾನೂ ಸತ್ತಿದೆ, ನೋಡು!"

ನಾನು ಎದ್ದು ಕಪ್ಪು ಶಾಲು ಹೊದ್ದೆ. ನಾದಿನಿ ಅಝೀಝಾ ಬಾಗಿಲಿಗೆ ಅಡ್ಡ ನಿಂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು.

"ನಾಲ್ಕು ದಿನ ಆಗಿಲ್ಲ, ಬೀದಿಗಿಳೀತೀಯಾ? ಜನ ಏನಂದಾರು?"

"ಜನ ಈಗ ಅಂತಿರೋದು ಕೇಳಿಸ್ತಿಲ್ವಾ? ಬೀದಿಗೆ ಹೋಗ್ತಿಲ್ಲ ನಾನು. ಹನ್ನೆರಡು ಹೆಜ್ಜೆ."

"ಒಂದು ವಿಡಿಯೋಗಾಗಿ?"

"ಅವನ ಹೆಸರಿಗಾಗಿ. ಸರಿ, ಆಚೆ ಹೋಗು."

ಸ್ಟುಡಿಯೋದಲ್ಲಿ ಯಂತ್ರದ ಒಂದು ಬದಿಯ ತಗಡು ತೆಗೆದಿತ್ತು. ಹಾತೇಮ್ ಎಂಬ ರಿಪೇರಿಯವನು ಬಗ್ಗಿ ಕೂತಿದ್ದ. ದೊಡ್ಡ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟವನು, ಮೂವತ್ತು ದಾಟಿದ್ದಾನೆ. ಒಳಗಿನ ಡಿಸ್ಕನ್ನು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ್ದ. ವದೀ ಗೋಡೆಗೆ ಒರಗಿದ್ದ. ಮುಖ ಬಿಳುಚಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಮಂಗಳವಾರ ರಾತ್ರಿಯೇ ಅಳಿಸಿ ಅವನು ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದ. ಮದುವೆ ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ.

"ಡಿಸ್ಕ್ ಖಾಲಿ," ಎಂದ ಹಾತೇಮ್. "ನೋಡಿ, ಅದೇ ಕೇಳ್ತಿದೆ, ಹೊಸದಾಗಿ ಸಿದ್ಧ ಮಾಡ್ಲಾ ಅಂತ. ಹೂಂ ಅಂತೀನಿ. ಆಮೇಲೆ ಏನಾದ್ರೂ ಉಳಿದಿದ್ರೆ ಕೆರೆದು ತೆಗೆಯೋಣ." ಬೆರಳು ಗುಂಡಿಯ ಮೇಲಿತ್ತು.

"ಕೈ ತೆಗಿ!" ಎಂದೆ.

ಎಲ್ಲರೂ ತಿರುಗಿದರು. ಬದ್ರಿಯಾ ಬಾಯಿ ಮುಚ್ಚಿದಳು. ನಾನು ಹೊರಗೆ ಬಂದದ್ದಕ್ಕೇ ಮುಚ್ಚಿದಳು ಅನಿಸುತ್ತದೆ.

"ಖಾಲ್ತೀ, ದೇವರು ನಿಮಗೆ ತಾಳ್ಮೆ ಕೊಡ್ಲಿ," ಎಂದ ಹಾತೇಮ್. ವಯಸ್ಸಾದವರನ್ನು ಹುಡುಗರು ಹಾಗೆ ಚಿಕ್ಕಮ್ಮ ಎನ್ನುತ್ತಾರೆ. "ನೀವು ಮನೆಗೆ ಹೋಗಿ. ಇದು ನಿಮಗೆ ತಿಳಿಯೋ ವಿಷಯ ಅಲ್ಲ."

"ನಂಗೆ ತಿಳಿಯಲ್ಲ. ಬಯೂಮಿ ಹೇಳಿದ್ದು ನೆನಪಿದೆ. ಮ್ಯಾಕ್ ಬರೆದಿದ್ದನ್ನ ನಿನ್ನ ಯಂತ್ರಕ್ಕೆ ಓದೋಕೆ ಬರಲ್ಲ. ಓದೋಕೆ ಬರದವರು ತುಂಬಿದ ಪುಟಾನೂ ಖಾಲಿ ಅಂತಾರೆ. ಖಾಲಿ ಅನ್ನೋ ಮಾತು ನಂಬಿ ಇಬ್ಬರು ಗಿರಾಕಿಗಳು ಡಿಸ್ಕ್ ಅಳಿಸಿಕೊಂಡು ಬಂದು ಅಂಗಡೀಲಿ ಅತ್ತಿದ್ದಾರೆ. ಅದನ್ನ ಕಿತ್ತು ವಾಪಸ್ ಇದರೊಳಗೆ ಹಾಕು."

ಹಾತೇಮ್ ಡಿಸ್ಕ್ ತೆಗೆದ. ಮುಖ ಸ್ವಲ್ಪ ಕೆಂಪಾಯಿತು. ಅದನ್ನು ಜಾಗಕ್ಕೆ ಹಾಕಿ ಯಂತ್ರ ಹಚ್ಚಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸುರಿದವು, ನಿಂತವು.

"ಬೆಳಿಗ್ಗೆಯಿಂದ ಇದೇ ಸಾಲಲ್ಲಿ ನಿಲ್ತಿದೆ," ಎಂದ.

"ಅದಕ್ಕೂ ಮೊದಲು ಬರೋ ಪರದೆ ತೋರ್ಸು. ಗಡಿಯಾರ ಇರುತ್ತಲ್ಲ, ಅದು."

ತೋರಿಸಿದ. ಅಂಕಿ ಓದಲು ನನಗೆ ಬರುತ್ತದೆ. ಒಂದನೇ ತಿಂಗಳು, ಒಂದನೇ ತಾರೀಖು, 2014.

"ಐದು ವರ್ಷ ಹಿಂದಿದೆ," ಎಂದೆ. "ಯಾರು ಪ್ಲಗ್ ಕಿತ್ತಿದ್ದು?"

ವದೀ ಮೆಲ್ಲಗೆ ಹೇಳಿದ, "ನಾನು. ಡೇರೆ ದೀಪಕ್ಕೆ ಕರೆಂಟ್ ಸಾಲ್ತಿರಲಿಲ್ಲ, ಉಮ್ಮ್ ದಾಲಿಯಾ. ಕುರಾನ್ ಓದ್ತಾ ಇರೋವಾಗ ದೀಪ ಹೋದ್ರೆ ಅವಮಾನ ಅಂತ ಸ್ಟುಡಿಯೋದ ಪ್ಲಗ್ಗೆಲ್ಲ ಕಿತ್ತೆ." ಮತ್ತೆ, "ಕೀಳಬೇಡ ಅಂತ ಅವನು ಹೇಳಿದ್ದ. ಆ ಹೊತ್ತಲ್ಲಿ ನೆನಪಾಗಲಿಲ್ಲ," ಎಂದ.

"ದೀಪ ಬೇಕಿತ್ತಲ್ಲ," ಎಂದೆ. "ಯಂತ್ರ ಸತ್ತಿಲ್ಲ, ಮರೆತಿದೆ. ಆ ಕಡೆ ತಗಡು ತೆಗೀರಿ."

"ಆ ಕಡೆ ಏನಿರುತ್ತೆ? ಬರೀ ವೈರು," ಎಂದ ಹಾತೇಮ್.

"ತೆಗಿ."

ತೆಗೆದ. ತಗಡಿನ ಒಳಬದಿಯಲ್ಲಿ ಚೀಟಿ ಇತ್ತು, ಬಯೂಮಿಯ ಕೈಬರಹ. ನಮ್ಮ ಅರಬಿ ಬರೆಯುವುದು ಬಲದಿಂದ, ಅವನ ಸಾಲು ಯಾವಾಗಲೂ ಬಲಗಡೆ ಮೇಲೆ ಶುರುವಾಗಿ ಎಡಕ್ಕೆ ಇಳಿಯುತ್ತದೆ. ನಾನು ಅದರ ಮೇಲೆ ಕಣ್ಣು ಹೆಚ್ಚು ಹೊತ್ತು ಇಡಲಿಲ್ಲ. ಚೀಟಿಯ ಕೆಳಗಿನ ಮೂಲೆಯನ್ನು ಜಿರಲೆ ತಿಂದಿತ್ತು. ಮೈದಾ ಅಂಟು ಎಂದರೆ ಅವಕ್ಕೆ ಹಬ್ಬ. ಅಂಗಡಿಯ ಅಂಟು ತರುತ್ತೇನೆ ಎಂದಿದ್ದ ಅವನು, ಮನೆಯದಿದೆಯಲ್ಲ ಎಂದು ನಾನೇ ತಡೆದಿದ್ದೆ.

ನಾಲ್ಕು ಸಾಲು ಉಳಿದಿದ್ದವು. ಹಾತೇಮ್ ಓದಿಕೊಂಡು ಒಂದೊಂದನ್ನೇ ಬದಲಿಸಿದ. ಡಿಸ್ಕ್ ಓದುವ ರೀತಿ, ಹೊರಗಿನ ತಂತ್ರಾಂಶ ತಡೆಯುವ ಕಾವಲು ಬಂದ್, ಹೀಗೆ. ತಾರೀಖನ್ನೂ ಸರಿ ಮಾಡಿ ಯಂತ್ರ ಹಚ್ಚಿದ. ಮತ್ತೆ ಬಿಳಿ ಅಕ್ಷರ, ಮತ್ತೆ ಅದೇ ಸಾಲು.

"ಇಷ್ಟೇ," ಎಂದಳು ಬದ್ರಿಯಾ. "ನನ್ನ ಹುಡುಗಿಗೆ ನಾನು ಏನಂತ ಹೇಳ್ಲಿ?"

"ಸುಮ್ನಿರು ಬದ್ರಿಯಾ, ಕೂಗಿದ್ರೆ ಖರ್ಚಾಗೋಕೆ ಇದು ಮೀನಲ್ಲ."

ನಾನು ಸ್ಟೂಲಿನ ಮೇಲೆ ಕೂತೆ. ಮಡಿಲಲ್ಲಿ ಸೊಪ್ಪಿರಲಿಲ್ಲ. ಸೊಪ್ಪು ಬಿಡಿಸುವಾಗ ಅವನು ಏನು ಗೊಣಗುತ್ತಿದ್ದ? ಒಂದು, ಎರಡು ಎಂದು ಬೆರಳು ಮಡಿಸುತ್ತಿದ್ದ. ಹೆಬ್ಬೆರಳು ಕೊನೆಯದು. ಹೆಬ್ಬೆರಳು ಮಡಿಸುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದ.

"ಬೀಗ," ಎಂದೆ. "ಒಂದು ಬೀಗ ಇದೆ. 'ಮನೆ ಎಲ್ಲ ಗುಡಿಸಿ ಬೀಗ ತೆಗೆಯೋದು ಮರೀಬೇಡ ಕಳ್ಳಾ' ಅಂತ ತನಗೆ ತಾನೇ ಬೈಕೋತಿದ್ದ."

ಹಾತೇಮ್ ತಲೆ ಎತ್ತಿದ. "ಸಿಎಫ್‌ಜಿ ಬೀಗ!" ಹಣೆಗೆ ಬಡಿದುಕೊಂಡ. "ಅದೂ ಈ ಪರದೇಲೇ ಇರೋ ಒಂದು ಆಯ್ಕೆ, ಮೂರು ಪದರ ಒಳಗೆ ಅಡಗಿರುತ್ತೆ, ಖಾಲ್ತೀ. ನಾನು ನೋಡ್ಲೇ ಇಲ್ಲ." ಹುಡುಕಿದ, ಬೀಗ ತೆಗೆದ, ಯಂತ್ರ ಹಚ್ಚಿದ.

ಬಿಳಿ ಅಕ್ಷರ ಬರಲಿಲ್ಲ. ಕಚ್ಚಿದ ಸೇಬು ಬಂತು. ಅದರ ಕೆಳಗೆ ಗೆರೆ ನಿಧಾನಕ್ಕೆ ತುಂಬಿತು. ಕಾಲು ಗಂಟೆಯಲ್ಲಿ ಪರದೆಯ ಮೇಲೆ ಬದ್ರಿಯಾಳ ಮಗಳು ಹೂವಿನ ಕುರ್ಚಿಯಲ್ಲಿ ಕೂತಿದ್ದಳು. ಹಿಂದೆ ಬದ್ರಿಯಾ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆಯುತ್ತಿದ್ದಳು. ಮೂಲೆಯಲ್ಲಿ ಧ್ವನಿಯ ವೈರು ಹಿಡಿದು, ಇಸ್ತ್ರಿ ಮಾಡದ ಅಂಗಿಯಲ್ಲಿ ಬಯೂಮಿ ನಿಂತಿದ್ದ. ವದೀ ಸಹಾಯಕ್ಕೆ ಕರೆದುಕೊಂಡು ಹೋಗಿದ್ದು. ನಾನು ಇಸ್ತ್ರಿ ಮಾಡಿಕೊಡುತ್ತೇನೆ ಎಂದಿದ್ದೆ, ಹೊತ್ತಾಯಿತು ಎಂದು ಹಾಗೇ ಹೋಗಿದ್ದ.

ವದೀ ಸದ್ದು ಆರಿಸಿದ. ಸಾವಿನ ಗಲ್ಲಿಯಲ್ಲಿ ಮದುವೆ ಹಾಡು ಕೇಳಿಸಬಾರದು.

ಬದ್ರಿಯಾ ನನ್ನ ಪಕ್ಕ ಬಂದು ನಿಂತಳು. "ನನ್ನ ನಾಲಿಗೆ ಸೀಳ್ಬೇಕು," ಎಂದಳು.

"ಬೇಡ, ಮೀನು ಯಾರು ಮಾರ್ತಾರೆ?" ಎಂದೆ. "ಗಲ್ಲಿಗೆಲ್ಲ ಕೇಳೋ ಹಾಗೆ ಬೈದೆ. ಈಗ ಅಷ್ಟೇ ಜೋರಾಗಿ ಹೇಳು."

ಅವಳು ಹೊರಗೆ ಹೋಗಿ ಹೇಳಿದಳು. ಅದಕ್ಕೆ ನಾನು ಅವಳಿಗೆ ಋಣಿ. ಆಚೆ ತುದಿಯ ಇಸ್ತ್ರಿಯವನಿಗೂ ಕೇಳಿಸಿತಂತೆ.

ನಾನು ಮನೆಗೆ ಬಂದು ಕೊಕ್ಕೆಯಲ್ಲಿ ನೇತಾಡುತ್ತಿದ್ದ ಮಂಗಳವಾರದ ಅಂಗಿಯ ಜೇಬು ತಡಕಿದೆ. ಬಿಲ್ಲೆ ಬ್ಯಾಟರಿ ಅಲ್ಲೇ ಇತ್ತು. ತೆಗೆದುಕೊಂಡು ಮತ್ತೆ ಹನ್ನೆರಡು ಹೆಜ್ಜೆ. ಅಝೀಝಾ ಈ ಸಲ ಅಡ್ಡ ಬರಲಿಲ್ಲ, ಚಪ್ಪಲಿ ಮುಂದೆ ಇಟ್ಟಳು. ಹಾತೇಮ್ ಯಂತ್ರ ಆರಿಸಿ ಬ್ಯಾಟರಿ ಹಾಕಿ, ಚೀಟಿಯ ನಾಲ್ಕು ಸಾಲನ್ನೂ ಬೀಗದ್ದನ್ನೂ ಮತ್ತೆ ಮೊದಲಿನಿಂದ ಯಂತ್ರಕ್ಕೆ ಹೇಳಿಕೊಟ್ಟ. ಹೋಗುವಾಗ ಚೀಟಿಯ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದ. ತೆಗೆದುಕೋ ಎಂದೆ. ಬಯೂಮಿ ಕೇಳಿದವರಿಗೆಲ್ಲ ಹೇಳಿಕೊಡುತ್ತಿದ್ದ.

ಇದಾಗಿ ಎರಡು ವರ್ಷ. ಅಂಗಡಿಯಲ್ಲಿ ಈಗ ಒಬ್ಬ ದರ್ಜಿ ಇದ್ದಾನೆ. ಬಯೂಮಿ ಕಟ್ಟಿದ ಬೇರೆ ಯಂತ್ರಗಳು ಒಂದೊಂದಾಗಿ ಹೋದವು, ಜನ ಹೊಸದು ತಂದರು. ವದೀಯದು ಇನ್ನೂ ನಡೆಯುತ್ತಿದೆ.

ಅದಕ್ಕೊಂದು ಕಾಟವಿದೆ. ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಬೆಳಗಾದರೆ ಕೇಳುತ್ತದೆ. ಅಸಲಿ ಮ್ಯಾಕ್ ಆದರೆ ಹೂಂ ಎನ್ನಬಹುದು. ಇದಕ್ಕೆ ಹೂಂ ಎಂದರೆ ಮತ್ತೆ ಬಿಳಿ ಅಕ್ಷರ. ವದೀಗೆ ಯಾರು ಏನು ಕೇಳಿದರೂ ಹೂಂ ಎನ್ನುವ ಚಾಳಿ. ಒಂದು ಸಲ ಅವನು ಹಾಗೆ ಒತ್ತಿದ್ದಕ್ಕೆ ಬಯೂಮಿ ಎರಡು ದಿನ ಊಟ ಬಿಟ್ಟು ಸರಿಮಾಡಿದ್ದ. ಅಂದಿನಿಂದ ವದೀ ಬರುವ ಮೊದಲೇ ಬಯೂಮಿ ತನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ಸ್ಟುಡಿಯೋ ತೆರೆದು, ಆ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು, ಆಮೇಲೆ ತನ್ನ ಅಂಗಡಿ ತೆರೆಯುತ್ತಿದ್ದ.

ಆ ಕೀಲಿ ಈಗ ನನ್ನಲ್ಲಿದೆ. ಎಂಟೂವರೆಗೆ ಅವರೆ ಕಾಳಿನ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು ಗಲ್ಲಿ ದಾಟುತ್ತೇನೆ. ಯಂತ್ರ ಹಚ್ಚುತ್ತೇನೆ, ಗಡಿಯಾರ ನೋಡುತ್ತೇನೆ. ಪ್ರಶ್ನೆ ಬರುತ್ತದೆ. ಕೆಳಗೆ ಎರಡು ಗುಂಡಿ. ನಾನು ಎಡಗಡೆಯದನ್ನು ಒತ್ತುತ್ತೇನೆ, 'ಆಮೇಲೆ' ಎಂದಿರುವುದನ್ನು. ಬಂದದ್ದಕ್ಕೆ ಮೇಜಿನ ಧೂಳೂ ಒರೆಸಿ ಬರುತ್ತೇನೆ.