ಕೂದಲೆಳೆಯಷ್ಟು ಮುಂದೆ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಮೂರನೇ ಮಹಡಿಯ ಆ ಮನೆಯಲ್ಲಿ ಫ್ಯಾನು ನಿಂತಿದೆ, ಫ್ರಿಜ್ಜಿನ ಪ್ಲಗ್ ಕಿತ್ತಿದೆ, ಗೋಡೆ ಗಡಿಯಾರವನ್ನು ಇಳಿಸಿ ಎರಡು ದಿಂಬುಗಳ ನಡುವೆ ಮಲಗಿಸಿದ್ದಾರೆ. ಮಲಗುವ ಕೋಣೆಯಲ್ಲಿ ಬಟ್ಟೆ ಬೀರುವಿನ ಬಾಗಿಲುಗಳೆರಡೂ ತೆರೆದಿವೆ. ದನಿ ಗೋಡೆಗೆ ಬಡಿದು ಮರಳದಿರಲೆಂದು ಒಳಗೆ ನೇತುಬಿದ್ದ ಕೋಟು, ಶಾಲು, ಹೊದಿಕೆಗಳಿಗೆ ಮುಖಮಾಡಿ, ಮೈಕಿನ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಪಿಟೀಲನ್ನು ಗಲ್ಲದ ಕೆಳಗೆ ಒತ್ತಿಕೊಂಡು ನಿಂತಿದ್ದಾರೆ. ಕಿವಿಗಳ ಮೇಲೆ ದಪ್ಪ ಹೆಡ್‌ಫೋನ್. ಕಮಾನು ಎತ್ತುತ್ತಾರೆ, ಇಳಿಸುತ್ತಾರೆ, ಅಂಗೈ ಬೆವರನ್ನು ಒರೆಸಿಕೊಳ್ಳುತ್ತಾರೆ, ಮತ್ತೆ ಎತ್ತುತ್ತಾರೆ. ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರಿನ ಪರದೆಗೆ ಒಂದು ಟವೆಲ್ ಹೊದಿಸಿದ್ದಾರೆ.

“ಅದನ್ನ ನೋಡ್ತಾ ನುಡಿಸಿದ್ರೆ ಕೈಕಾಲೇ ಆಡಲ್ಲ,” ಎನ್ನುತ್ತಾರೆ.

ಕಟ್ಟಡದವರಿಗೆಲ್ಲ ಇವರು ಪಿಟೀಲಕ್ಕ. ಕೆಳಗಿನ ಮನೆಯವರು ಕರೆಯಲು ಶುರುಮಾಡಿದ ಹೆಸರು. ಈಗ ಅಂಚೆಯವನೂ ಹಾಗೇ ಕೂಗುತ್ತಾನೆ. ಊರವರು ಇವರ ಪಿಟೀಲನ್ನು ಕೇಳದ ದಿನವಿಲ್ಲ. ಧಾರಾವಾಹಿಯಲ್ಲಿ ಸೊಸೆ ಕಣ್ಣೊರೆಸಿಕೊಳ್ಳುವಾಗ, ಸಾಬೂನಿನ ಜಾಹೀರಾತಿನಲ್ಲಿ ಮಗು ನಗುವಾಗ, ಸಿನಿಮಾ ಹಾಡಿನ ಎರಡು ಚರಣಗಳ ನಡುವೆ ಹಿಂದಿನಿಂದ ಬರುವ ದನಿ ಇವರದ್ದೇ. ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಎಷ್ಟು ಹಾಡಿಗೆ ನುಡಿಸಿದ್ದೀರಿ ಎಂದು ಕೇಳಿದರೆ ಬೆರಳು ಮಡಿಸಲು ಹೋಗಿ ಅರ್ಧಕ್ಕೇ ಕೈಬಿಡುತ್ತಾರೆ.

ಪಿಟೀಲಕ್ಕನ ಕೆಲಸಕ್ಕೆ ಸಿಗುವುದು ದಿನಕ್ಕೆ ಐವತ್ತು ನಿಮಿಷ. ಐದು ನಲವತ್ತಕ್ಕೆ ಮೂಲೆಯಲ್ಲಿ ಮೊದಲ ಬಸ್ಸು ಗೊರಗೊರ ಎನ್ನುತ್ತದೆ, ಆಮೇಲೆ ನೀರಿನ ಪಂಪು, ಅದರ ಬೆನ್ನಿಗೇ ಶಾಲೆಯ ವ್ಯಾನುಗಳು. ಅಷ್ಟರೊಳಗೆ ಹತ್ತು ಹನ್ನೊಂದು ಸಲ ನುಡಿಸಿ ರೆಕಾರ್ಡ್ ಮಾಡಿ ಒಂದನ್ನು ಉಳಿಸಿಕೊಳ್ಳುತ್ತಾರೆ. ಲಿಫ್ಟ್ ರಿಪೇರಿ ಮಾಡುವ ಗಂಡ ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಕುರ್ಚಿ ಕಿರುಗುಟ್ಟದಂತೆ ಕೂತಿರುತ್ತಾರೆ. ಫ್ರಿಜ್ಜನ್ನು ಮತ್ತೆ ಹಾಕುವುದು ಮರೆತುಹೋಗದಿರಲೆಂದು ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡುವುದು ಅವರ ಉಪಾಯ. “ನಾನು ನಾಲ್ಕು ಮಾತಾಡಿದ್ರೆ ‘ಪಿಟೀಲು ಕುಯ್ಬೇಡಿ’ ಅಂತಾಳೆ. ಕುಯ್ಯೋಳು ಯಾರು ಅಂತ ನೀವೇ ಹೇಳಿ!” ಎಂದು ಪಿಸುಗುಟ್ಟುತ್ತಾರೆ. ಎಪ್ಪತ್ತೆಂಟರ ಅತ್ತೆ ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿಕೊಳ್ಳುತ್ತಾರೆ.

ಮೊದಲು ಹೀಗಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಸ್ಟುಡಿಯೊ ಸೇರಿದಾಗ ಎಂಟು ಪಿಟೀಲಿನವರು ಸಾಲಾಗಿ ಕೂರುತ್ತಿದ್ದರು. ಸಾಲಿನ ತುದಿಯ ಹಿರಿಯರು ಉಸಿರೆಳೆದುಕೊಂಡರೆ ಸಾಕು, ಎಂಟು ಕಮಾನು ಒಟ್ಟಿಗೇ ಇಳಿಯುತ್ತಿದ್ದವು. ತಾಳ ತಪ್ಪಿದವರನ್ನು ಹುಡುಕಬೇಕಾದಾಗ ಯಾರೂ ಇವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸ್ಟುಡಿಯೊದ ಆ ದೊಡ್ಡ ಹಾಲ್ ಮುಚ್ಚಿತು. ಎಂಟು ಮಂದಿಯೂ ದಿಕ್ಕಿಗೊಬ್ಬರಾದರು. ಈಗ ಒಬ್ಬರೇ ಎಂಟು ಸಲ ನುಡಿಸಿ ಒಂದರ ಮೇಲೊಂದು ಕೂರಿಸಿ ಕಳಿಸುತ್ತಾರೆ. ಜೊತೆಗಿರುವುದು ಹೆಡ್‌ಫೋನಿನೊಳಗೆ ಟಿಕ್ ಟಿಕ್ ಎನ್ನುವ ತಾಳವೊಂದೇ.

ಮನೆಯಲ್ಲಿ ಕಂಪ್ಯೂಟರ್ ಹೂಡಿದ ಎರಡು ವರ್ಷದಿಂದ ಪಿಟೀಲಕ್ಕನಿಗೆ ನೆಮ್ಮದಿಯಿಲ್ಲ. ಕಳಿಸಿದ್ದೆಲ್ಲ ತಾಳಕ್ಕಿಂತ ಕೂದಲೆಳೆಯಷ್ಟು ಮುಂದಿರುತ್ತದೆ ಎಂಬುದು ಹಾಡಿಗೆ ಸಂಗೀತ ಜೋಡಿಸುವವರ ದೂರು. ಪರದೆಯ ಮೇಲೆ ಒಂದೊಂದು ಸ್ವರವೂ ಒಂದೊಂದು ಸಣ್ಣ ಗುಡ್ಡವಾಗಿ ಕಾಣುತ್ತದೆ, ತಾಳ ನಿಂತ ಗೆರೆಯಾಗಿ ಕಾಣುತ್ತದೆ. ಗುಡ್ಡ ಗೆರೆಗಿಂತ ಮುಂಚೆಯೇ ಎದ್ದಿದ್ದರೆ ಸಂಗೀತ ಜೋಡಿಸುವವರು ಅದನ್ನು ಮೌಸಿನಿಂದ ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಈ ಕಸುಬಿನಲ್ಲಿ ಅದಕ್ಕೆ ಹೆಸರೇ ‘ಎಳೆಯುವುದು’. “ನಿಮ್ಮದನ್ನ ಎಳೆದೆ ಅಂತ ಯಾರಾದ್ರೂ ಅಂದ್ರೆ ಮುಖಕ್ಕೆ ಹೊಡೆದ ಹಾಗಾಗುತ್ತೆ,” ಎನ್ನುತ್ತಾರೆ.

ಹಠ ಹಿಡಿದು ಸಾಧನೆ ಮಾಡಿದರು. ಪಾತ್ರೆ ತೊಳೆಯುವಾಗಲೂ ಕಾಲಲ್ಲಿ ತಾಳ ಹಾಕಿದರು. ಕಿವಿ ಡಾಕ್ಟರರ ಹತ್ತಿರ ಹೋದರು. “ಕಿವಿ ಚೆನ್ನಾಗೇ ಇದೆ ಅಂದ್ಬಿಟ್ರು. ಅದನ್ನ ಕೇಳಿ ಇನ್ನೂ ಹೆದರಿಕೆ ಆಯ್ತು. ಕಿವಿ ಸರಿ ಇದೆ ಅಂದ್ರೆ ಕೆಟ್ಟಿರೋದು ನಾನೇ ಅಲ್ವಾ?”

ಹೋದ ವಾರ ಸಂಗೀತ ಜೋಡಿಸುವವರಿಂದಲೇ ಫೋನ್ ಬಂತು. “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಈ ಹಾಡಲ್ಲಿ ನಲವತ್ತು ಸೆಕೆಂಡು ಒಂಟಿ ಪಿಟೀಲಿದೆ. ಅದನ್ನ ಎಳೆದ್ರೆ ಜೀವ ಹೋಗುತ್ತೆ. ಇದೂ ಮುಂದಕ್ಕೆ ಓಡಿದ್ರೆ ಕಂಪ್ಯೂಟರ್‌ನಲ್ಲಿರೋ ಪಿಟೀಲನ್ನೇ ಹಾಕ್ತೀನಿ. ಇನ್ನು ಮುಂದಕ್ಕೂ ಅಷ್ಟೇ.” ಮೂವತ್ತಮೂರು ವರ್ಷದ ಕಸುಬು ಆ ನಲವತ್ತು ಸೆಕೆಂಡಿನ ಮೇಲೆ ನಿಂತುಬಿಟ್ಟಿತು.

ಗುಟ್ಟು ಬಿಟ್ಟುಕೊಟ್ಟದ್ದು ಮೊನ್ನೆ ತಂಗಿಯೊಂದಿಗೆ ಆಡಿದ ಫೋನ್ ಮಾತು. ಲೈನು ಕೆಟ್ಟಿತ್ತು, ಪಿಟೀಲಕ್ಕ ಆಡಿದ ಮಾತು ಚೂರು ತಡವಾಗಿ ಅವರ ಕಿವಿಗೇ ವಾಪಸು ಬರುತ್ತಿತ್ತು. ಮಾತು ಮಾತಿಗೂ ಎಡವಿದರು. “ಯಾಕಕ್ಕ ಹಿಂಗೆ ತೊದಲ್ತಿದ್ದೀಯ, ಹುಷಾರಿಲ್ವಾ?” ಎಂದಳು ತಂಗಿ. ಪಿಟೀಲಕ್ಕ ಫೋನಿಟ್ಟು ಕೋಣೆಗೆ ಓಡಿದರು.

ಮೈಕಿಗೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಪೆಟ್ಟಿಗೆಯಿದೆ, ಅದರಲ್ಲೊಂದು ತಿರುಗುಗುಂಡಿ. ಒಂದು ಕಡೆಗೆ ತಿರುಗಿಸಿದರೆ ನುಡಿಸಿದ್ದು ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಕಂಪ್ಯೂಟರಿನ ಹೊಟ್ಟೆ ಹೊಕ್ಕು, ಅಲ್ಲಿ ಒಂಚೂರು ತಡಮಾಡಿ ಬರುತ್ತದೆ. ಪಿಟೀಲಕ್ಕನದು ಪೂರ್ತಿ ಕಂಪ್ಯೂಟರಿನ ಕಡೆಗಿತ್ತು. ತಡವಾಗಿ ಬರುವ ತನ್ನದೇ ದನಿಯನ್ನು ತಾಳಕ್ಕೆ ಸರಿಯಾಗಿ ಕೂರಿಸಲು ಅವರು ಗೊತ್ತಿಲ್ಲದೆ ಮುಂಚೆಯೇ ನುಡಿಸುತ್ತಿದ್ದರು. ಕಿವಿ ಎಷ್ಟು ಚುರುಕೋ ಅಷ್ಟು ಕಟ್ಟುನಿಟ್ಟಾಗಿ ತಪ್ಪಿದ್ದರು. ತಮಾಷೆಯೆಂದರೆ, ಧೂಳು ಒರೆಸುವಾಗ ಅತ್ತೆ ಎಲ್ಲಿ ತಿರುಗಿಸಿಬಿಡುತ್ತಾರೋ ಎಂದು ಮೊದಲ ದಿನವೇ ಆ ಗುಂಡಿಗೆ ಗಾಯದ ಪಟ್ಟಿ ಅಂಟಿಸಿ ಭದ್ರ ಮಾಡಿದ್ದವರು ಇವರೇ. “ಎರಡು ವರ್ಷ ನನ್ನ ಮೇಲೆ ಅನುಮಾನ ಪಟ್ಲು,” ಎಂದು ಅತ್ತೆ ಈಗ ಸಿಕ್ಕಿದವರಿಗೆಲ್ಲ ಹೇಳುತ್ತಾರೆ. “ನಾನು ತಿರುಗಿಸಿದ್ರೇ ಚೆನ್ನಾಗಿತ್ತು!”

ಪಟ್ಟಿ ಕಿತ್ತಾಗಿದೆ. ತಾಳ ಬರುವುದು ಕಂಪ್ಯೂಟರಿನಿಂದಲೇ ಆದ್ದರಿಂದ ಗುಂಡಿ ನಡುವಿಗೆ ಬಂದಿದೆ, ಕಂಪ್ಯೂಟರ್ ಮರಳಿಸುತ್ತಿದ್ದ ಪಿಟೀಲಿನ ತಡದ ದನಿಯನ್ನು ಮಾತ್ರ ಅಡಗಿಸಿಯಾಗಿದೆ. ತಪ್ಪು ಗುಂಡಿಯದ್ದೇ ಆಗಿದ್ದರೆ ಇವತ್ತು ಸರಿಹೋಗಬೇಕು. ಇವತ್ತೂ ಮುಂದೆ ಹೋದರೆ ದೂರಲು ಇನ್ಯಾವ ಗುಂಡಿಯೂ ಉಳಿದಿಲ್ಲ.

ಮೊದಲನೆಯದರಲ್ಲಿ ಕಮಾನು ಜಾರುತ್ತದೆ. ಮೂರನೆಯದು ಮುಗಿಯುವ ಹೊತ್ತಿಗೆ ಮೇಲಿನ ಮನೆಯಲ್ಲಿ ಯಾರೋ ಬಕೆಟ್ ಎಳೆಯುತ್ತಾರೆ. ಐದನೆಯದನ್ನು ತಾವೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಕಿವಿಗೆ ತಕ್ಷಣ ಬರುವ ದನಿ ಅಪರಿಚಿತವೆನಿಸುತ್ತಿದೆ, ಕೈ ಹಳೆಯ ಚಾಳಿಗೆ ಓಡಲು ನೋಡುತ್ತಿದೆ. ಕೋಣೆಯಲ್ಲಿ ಎರಡು ಸುತ್ತು ಹಾಕುತ್ತಾರೆ, ನೀರು ಕುಡಿಯುತ್ತಾರೆ, ಕುಡಿದಿದ್ದನ್ನು ಮರೆತು ಮತ್ತೆ ಲೋಟ ಎತ್ತುತ್ತಾರೆ. ಐದು ಮೂವತ್ತನಾಲ್ಕಕ್ಕೆ ಏಳನೆಯದು. ಈ ಸಲ ಯಾರೋ ಪಕ್ಕದಲ್ಲಿ ಕೂತಿದ್ದಾರೇನೋ ಎಂಬಂತೆ ಸಣ್ಣಗೆ ಉಸಿರೆಳೆದುಕೊಂಡು ಕಮಾನು ಇಳಿಸುತ್ತಾರೆ. ನಲವತ್ತು ಸೆಕೆಂಡು ಅಡುಗೆಮನೆಯಲ್ಲಿ ಗಂಡನೂ ಉಸಿರು ಬಿಡುವುದಿಲ್ಲ.

ಮುಗಿಯಿತು. ಪರದೆ ನೋಡಲು ಧೈರ್ಯವಿಲ್ಲ. ಟವೆಲ್ ಎತ್ತಿದ್ದು ಅತ್ತೆ.

“ಏನೋ ಗುಡ್ಡ ಕಾಣ್ತಾವಮ್ಮ. ಪ್ರತಿಯೊಂದರ ಬುಡದಲ್ಲೂ ಒಂದು ಗೆರೆ ಇದೆ. ಇದು ಒಳ್ಳೇದೋ ಕೆಟ್ಟದ್ದೋ?”

ಪಿಟೀಲಕ್ಕ ಬಗ್ಗಿ ನೋಡುತ್ತಾರೆ. ಮತ್ತೊಮ್ಮೆ ನೋಡುತ್ತಾರೆ. ಒಂದು ಗುಡ್ಡವೂ ಗೆರೆಗಿಂತ ಮುಂಚೆ ಎದ್ದಿಲ್ಲ. ಅತ್ತೆಯ ಹೆಗಲು ಹಿಡಿದುಕೊಂಡು ಅಲ್ಲೇ ಹಾಸಿಗೆಯ ಮೇಲೆ ಕೂತುಬಿಡುತ್ತಾರೆ. ಆದರೆ ನೆಮ್ಮದಿ ಇನ್ನೂ ಇಲ್ಲ. ಕಡತ ಕಳಿಸಿ, ಫೋನನ್ನು ಹಿಡಿದುಕೊಂಡೇ ಕಾಫಿ ಸೋಸಿ, ಹಿಡಿದುಕೊಂಡೇ ಅತ್ತೆಯ ಮಾತ್ರೆ ಎಣಿಸಿಕೊಡುತ್ತಾರೆ. ಏಳೂ ಕಾಲಿಗೆ ಸಂಗೀತ ಜೋಡಿಸುವವರ ಧ್ವನಿಸಂದೇಶ ಬರುತ್ತದೆ: “ಅಕ್ಕಾ, ಬಂತು. ಹಾಗೇ ಇಟ್ಟೆ.” ಅಷ್ಟೇ. ಆ ಮೂರು ಸೆಕೆಂಡನ್ನು ಪಿಟೀಲಕ್ಕ ನಾಲ್ಕು ಸಲ ಕೇಳುತ್ತಾರೆ. ಐದನೆಯ ಸಲ ಗಂಡನಿಗೂ ಅತ್ತೆಗೂ ಕೇಳಿಸುತ್ತಾರೆ. ಕಣ್ಣಲ್ಲಿ ನೀರು ನಿಂತಿದೆ, ಮುಚ್ಚಿಡುವುದೂ ಇಲ್ಲ.

“ಎರಡು ವರ್ಷ ಕಳಿಸಿದ್ದೆಲ್ಲ ಎಳೆದಿದ್ದೇ. ಅದನ್ನೆಲ್ಲ ಮತ್ತೆ ನುಡಿಸಿಕೊಡ್ತೀನಿ ಅಂದ್ರೆ ಯಾರು ತಗೋತಾರೆ?” ಎಂದು ಚಡಪಡಿಸುತ್ತಾರೆ. ಇನ್ನಾದರೂ ಹಾಡಿನ ಕೆಳಗೆ ನಿಮ್ಮ ಹೆಸರು ಬರಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ ಕಮಾನಿನ ಕೂದಲು ಸಡಿಲಿಸುತ್ತಾರೆ.

“ಹೆಸರು ಎಲ್ಲಾದ್ರೂ ಇರ್ಲಿ, ಇಲ್ದೇನೂ ಇರ್ಲಿ. ನಾನು ನುಡಿಸಿದ್ದು ಮಾತ್ರ ನಾನು ನುಡಿಸಿದ ಜಾಗದಲ್ಲೇ ಇರ್ಲಿ.”