ಕೊನೆಯ ಪಂಕ್ತಿ ಏಳುವ ತನಕ

ಹೋದ ವಾರ ಕುಂಭಾಶಿಯಲ್ಲಿ ಬಸ್ಸಿಳಿದು ಒಂದು ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಟೇಬಲ್ ಒರೆಸುವಾಕೆ ಒದ್ದೆ ಬಟ್ಟೆಯನ್ನು ನನ್ನ ಮುಂದೆ ಒಮ್ಮೆ ಎಳೆದು ಹೋದಳು. ಹಳಸಿದ ಸಾಂಬಾರು, ಸೋಪು, ಒಣಗದ ಬಟ್ಟೆಯ ಮುಗ್ಗಲು. ಆ ವಾಸನೆ ಮೂಗಿಗೆ ಬಡಿದ ಮೇಲೆ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದೆ. ಎರಡು ವರ್ಷದ ಹಿಂದೆ ತೀರಿಕೊಂಡ ನನ್ನ ಗಂಡನ ಅಂಗಿಗೆ ಯಾವಾಗಲೂ ಇದ್ದ ವಾಸನೆ ಅದು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಸೊಲ್ಲಾಪುರದಲ್ಲಿ ಇವರದು ಊಟದ ಹೋಟೆಲು. ಕೊನೆಯ ಗಿರಾಕಿ ಉಂಡು ಕೈ ತೊಳೆಯುವ ತನಕ ಯಜಮಾನನಾದವನು ಅನ್ನ ಮುಟ್ಟಬಾರದು ಎಂಬುದು ಇವರ ತಂದೆ ಹಾಕಿಕೊಟ್ಟ ಪದ್ಧತಿ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಲೆಯ ಪಕ್ಕ ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದು, ಉಳಿದದ್ದನ್ನು ನುಂಗುತ್ತಿದ್ದರು. ನಾನು ಮಹಡಿಯ ಮೇಲಿನ ಕೋಣೆಯಲ್ಲಿ ಮಗಳಿಗೆ ಉಣಿಸಿ, ನಾನೂ ಉಂಡು, ಪಾತ್ರೆ ತೊಳೆದಿಟ್ಟಿರುತ್ತಿದ್ದೆ. ಮದುವೆಯ ದಿನ ಪಕ್ಕದಲ್ಲಿ ಕೂತು ಉಂಡದ್ದು ಹೌದು. ಆದರೆ ಅಂದು ನಾನು ತಲೆ ಎತ್ತಿರಲಿಲ್ಲ.

ಇವರ ಮಂಡಿ ಸೋತ ಮೇಲೆ ಹೋಟೆಲು ಬಿಟ್ಟು ಕೋಟೇಶ್ವರಕ್ಕೆ ಬಂದೆವು. ಇನ್ನಾದರೂ ಒಟ್ಟಿಗೆ ಕೂತು ಉಂಡಾರು ಎಂದುಕೊಂಡೆ... ಊರಿನ ಯಾವ ಮದುವೆ, ಯಾವ ಪೂಜೆಯಾದರೂ ಸಾರಿನ ಬಕೆಟ್ಟು ಇವರ ಕೈಯಲ್ಲೇ. ಅದನ್ನು ನೋಡಿಯೇ ಬ್ರಹ್ಮಾವರದಲ್ಲಿರುವ ಮಗಳು ಕೊಲ್ಲೂರು ಘಾಟಿಯ ಮೇಲಿನ ಒಂದು ಲಾಡ್ಜಿನಲ್ಲಿ ನಮಗೆ ಎರಡು ದಿನಕ್ಕೆ ರೂಮು ಹಿಡಿದಳು. ಹೊರಡುವಾಗ ನಾನು ಇವರಲ್ಲಿ ಒಂದೇ ಮಾತು ಕೇಳಿದೆ.

“ಒಂದ್ ಊಟ ನನ್ನ್ ಎದ್ರ್ ಕೂಕಂಡ್ ಉಣ್ಣಿ. ಮತ್ತೆಂತದೂ ಬ್ಯಾಡ ನಂಗೆ.”

“ಒಂದ್ ಎಂತಕ್ಕೆ ಮಾರಾಯ್ತಿ, ನಾಲ್ಕ್ ಉಂಬ” ಎಂದು ನಕ್ಕರು.

ಲಾಡ್ಜಿಗೆ ಬಂದಿಳಿದ ಆ ಬೆಳಿಗ್ಗೆ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳುವುದೇ ಈಗ ಕಷ್ಟ. ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ, ಎದುರಿಗೆ ಮಂಜು ಸರಿಯುತ್ತಿದ್ದ ಗುಡ್ಡ. ಇವರು ಮಂಡಿಗೆ ಬಿಸಿಲು ಕಾಯಿಸುತ್ತಾ ಕೂತರು. ಕಂಡ ಮರಕ್ಕೆಲ್ಲ ಬಾಯಿಗೆ ಬಂದ ಹೆಸರು ಹೇಳಿದರು. ನಾನು ತಪ್ಪು ಎಂದರೆ, ಸೊಲ್ಲಾಪುರದಲ್ಲಿ ಮರವೇ ಇರಲಿಲ್ಲ, ಕಲಿಯುವುದು ಹೇಗೆ ಎಂದರು. ಸ್ವಲ್ಪ ತೂಕಡಿಸಿದರು. ನಾನು ಅವರ ಮುಖವನ್ನು ಹಗಲು ಬೆಳಕಿನಲ್ಲಿ ಅಷ್ಟು ಹೊತ್ತು ನೋಡಿದ್ದೇ ಇಲ್ಲ.

ಹನ್ನೊಂದಕ್ಕೆ ಕಾಫಿ ಬಂತು. ಒಂದು ಗುಟುಕು ಕುಡಿದು, “ಡಿಕಾಕ್ಷನ್ ಬೆಳಿಗ್ಗಿದ್. ಈಗ ಬತ್ತೆ” ಎಂದು ಎದ್ದು ಹೋದರು. ಅರ್ಧ ಗಂಟೆಯ ಮೇಲೆ ಅಡುಗೆಯ ಹೆಂಗಸು ಹೊಸ ಕಾಫಿ ಹಿಡಿದು ನಗುತ್ತಾ ಬಂದಳು. ಬೈಂದೂರು ಕಡೆಯವಳು, ಬಾಯಿ ಜೋರು.

“ಅಕ್ಕ, ನಿಮ್ಮನಿಯವ್ರ್ ಉಂಬುಕ್ ಬಂದದ್ದಾ, ಬಡ್ಸುಕ್ ಬಂದದ್ದಾ? ನನ್ ಚಟ್ನಿಗೆ ಉಪ್ಪ್ ಹಾಕುಕೂ ಬಿಡ್ತಿಲ್ಲೆ!”

“ನೀವೇ ಇಟ್ಕಣಿ ಅವ್ರನ್ನ. ಬೇಕಾರೆ ಬರ್ದ್ ಕೊಡ್ತೆ” ಎಂದೆ. ಇಬ್ಬರೂ ನಕ್ಕೆವು.

ಹನ್ನೆರಡೂವರೆಗೆ ಇವರನ್ನು ಕರೆದು ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಸೂಜಿ ಶುರುವಾಗಿ ಆಗ ಎರಡೇ ತಿಂಗಳು. ಚುಚ್ಚಿದ ಅರ್ಧ ಗಂಟೆಯಲ್ಲಿ ಊಟ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಇವರ ತಲೆಗೆ ಹೋಗುವುದಿಲ್ಲವೆಂದು ನನ್ನನ್ನು ಕೂರಿಸಿಕೊಂಡು ಎರಡು ಸಲ ಹೇಳಿದ್ದರು. ಒಂದು ಗಂಟೆಗೆ ನಮ್ಮ ಟೇಬಲಿನ ಮೇಲೆ ಎರಡು ಎಲೆ ಬಿತ್ತು, ಎದುರುಬದುರು. ಇವರು ಕೂತರು. ಎಲೆಗೆ ನೀರು ಚಿಮುಕಿಸಿದರು.

ಅಷ್ಟರಲ್ಲಿ ಅಂಗಳಕ್ಕೆ ಒಂದು ಬಸ್ಸು ಬಂದು ನಿಂತಿತು. ಕೊಲ್ಲೂರು ಮುಗಿಸಿ ಘಾಟಿ ಹತ್ತಿದ ಯಾತ್ರೆಯವರು, ಒಂದು ಬಸ್ಸು ತುಂಬ ಜನ, ಹಸಿದಿದ್ದರು. ಬಡಿಸಲು ಲಾಡ್ಜಿನಲ್ಲಿ ಇದ್ದದ್ದು ಇಬ್ಬರೇ. ಇವರ ಕಣ್ಣು ಬಾಗಿಲಿನ ಕಡೆ ಹೋದದ್ದನ್ನು ನಾನು ಕಂಡೆ.

“ಕೂಕಣಿ. ಸೂಜಿ ಆಯ್ತ್ ನಿಮ್ಗೆ.”

“ಹತ್ತ್ ನಿಮಿಷ ಕಾಣ್. ಜನ ನಿಂತ್ಕಂಡಿರುವತ್ತಿಗೆ ನಾನ್ ಹೆಂಗೆ ಉಂಬುದ್?”

“ಹೋಯ್ನಿ ಹಂಗಾರೆ. ನಾನ್ ಕಾಯುದಿಲ್ಲ.”

ಹೋದರು. ನಾನು ಕಾಯಲಿಲ್ಲ. ಸಿಟ್ಟಿನಲ್ಲಿ ಒಬ್ಬಳೇ ಉಂಡೆ. ಬೇಕೆಂದೇ ನಿಧಾನವಾಗಿ, ಪಾಯಸ ಕೂಡ ಬಿಡದೆ. ಕೂತಲ್ಲಿಂದಲೇ ಇವರು ಕಾಣುತ್ತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಸಾರಿನ ಹಬೆ ಎಂದುಕೊಂಡೆ. ಸೌಟು ಹಿಡಿದ ಕೈ ನಡುಗುತ್ತಿತ್ತು, ಗಡಿಬಿಡಿ ಎಂದುಕೊಂಡೆ. ಒಬ್ಬರ ಎಲೆಯ ಮುಂದೆ ನಿಂತು ಎಷ್ಟು ಪಾರ್ಸೆಲ್ಲು ಎಂದು ಮರಾಠಿಯಲ್ಲಿ ಕೇಳಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ.

ಬೆವರು, ನಡುಕ, ಮಾತು ತಪ್ಪುವುದು. ಡಾಕ್ಟರು ನನಗೆ ಹೇಳಿದ್ದ ಮೂರೂ ಅಲ್ಲೇ ಇದ್ದವು.

ಬಕೆಟ್ಟಿನ ಜೊತೆಗೇ ಬಿದ್ದರು. ತಲೆ ಅಡುಗೆಮನೆಯ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಆ ಹೆಂಗಸು ಓಡಿ ಬಂದು ತುಟಿಯ ಒಳಗೆ ಸಕ್ಕರೆ ತಿಕ್ಕಿದಳು. ಜೀಪಿನಲ್ಲಿ ಘಾಟಿ ಇಳಿಸಿ ಕುಂದಾಪುರದ ಆಸ್ಪತ್ರೆಗೆ ತಂದೆವು. ಮೂರು ದಿನ ಇದ್ದರು. ಕಣ್ಣು ತೆರೆಯಲಿಲ್ಲ.

ಬೊಜ್ಜದ ದಿನ ಉತ್ತರಕ್ರಿಯೆಯ ಊಟಕ್ಕೆ ಬಂದವರೆಲ್ಲ ಒಂದೇ ಮಾತು ಆಡಿದರು. ಹಸಿದವರಿಗೆ ಬಡಿಸುತ್ತಾ ಹೋದ ಪುಣ್ಯವಂತರಂತೆ, ಅಂಥ ಸಾವು ಎಲ್ಲರಿಗೂ ಬರುವುದಿಲ್ಲವಂತೆ. ಅದನ್ನು ಹೇಳಿ ಹೋಗಿ ಊಟಕ್ಕೆ ಕೂತರು. ಆ ಬಸ್ಸಿನವರಿಗೆ ಇವರ ಹೆಸರೂ ಗೊತ್ತಿಲ್ಲ, ಸತ್ತದ್ದೂ ಗೊತ್ತಿರಲಾರದು. ಅವತ್ತು ಒಳಗಿನ ಕೋಣೆಯಲ್ಲಿ ಇವರಿಗೆಂದು ಎಡೆ ಇಟ್ಟರು. ಅದಕ್ಕೆ ಬಡಿಸಿದ ಮೇಲೆಯೇ ಉಳಿದವರಿಗೆ ಬಡಿಸಿದ್ದು. ಮೊತ್ತಮೊದಲ ಸಲ ಇವರ ಎಲೆ ಎಲ್ಲರಿಗಿಂತ ಮುಂಚೆ ತುಂಬಿತು. ನಾನು ಬಾಗಿಲ ಬಳಿ ನಿಂತು ನೋಡಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಇವರ ಮೇಲೋ, ಆ ಪದ್ಧತಿಯ ಮೇಲೋ, ಪಾಯಸ ಬಿಡದೆ ಉಂಡ ನನ್ನ ಮೇಲೋ... ಇಂದಿಗೂ ಬಿಡಿಸಿ ಹೇಳಲಾರೆ.

ಇವರು ಬಿದ್ದಾಗ ನಾನು ರೂಮಿನಲ್ಲಿದ್ದೆ ಎಂದೇ ಮಗಳು ತಿಳಿದಿದ್ದಾಳೆ. ನಾನು ತಿದ್ದಿಲ್ಲ. ಇದನ್ನು ಓದಿದರೆ ತಿಳಿದೀತು.

ಈಗ ಮನೆಯಲ್ಲಿ ಒಂದು ಗಂಟೆಗೆ ಸರಿಯಾಗಿ ಉಣ್ಣುತ್ತೇನೆ. ಮದುವೆಯಾದಲ್ಲಿಂದ ಆ ದಿನದವರೆಗೆ ಒಂದೊಂದೇ ವರ್ಷ ನೆನಪು ಮಾಡಿಕೊಂಡು ಹುಡುಕಿದ್ದೇನೆ. ನಾವಿಬ್ಬರೂ ಎದುರುಬದುರು ಕೂತು ಉಂಡ ಒಂದು ಊಟ ಸಿಕ್ಕಿಲ್ಲ.